ಲೆಕ್ಕಕ್ಕೆ ಬಾರದ ಮಾತ್ರೆ

ಕನ್ನಡದಲ್ಲಿ ‘ಮಾತ್ರೆ’ ಎಂಬ ಮಾತಿಗೆ ಎರಡು ಸಂಸಾರ. ಒಂದು ಛಂದಸ್ಸಿನ ಮನೆಯಲ್ಲಿ, ಇನ್ನೊಂದು ಔಷಧದ ಅಂಗಡಿಯಲ್ಲಿ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಕರಿಹಲಗೆಯ ಮೇಲೆ ಗೀಟು ಹಾಕಿ ತೋರಿಸುವುದು ನನ್ನ ಜೀವನೋಪಾಯ. ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗನೊಬ್ಬ “ಊಟಕ್ಕೆ ಮುಂಚೆಯೋ ಆಮೇಲೋ, ಸಾರ್?” ಎಂದು ಕೇಳುವುದು ಪ್ರತಿ ವರ್ಷದ ಹಾಸ್ಯ, ನಾನೂ ಪ್ರತಿ ವರ್ಷ ಹೊಸದಾಗಿ ಕೇಳಿದವನಂತೆ ನಗುತ್ತೇನೆ. ಆದರೆ ಎರಡು ಸಂಸಾರಕ್ಕೂ ಮೂಲಪುರುಷ ಒಬ್ಬನೆ. ಸಂಸ್ಕೃತದ ‘ಮಾತ್ರಾ’ ಎಂದರೆ ಅಳತೆ. ಕಾಲದ ಅಳತೆ ಪದ್ಯದ ಮಾತ್ರೆಯಾಯಿತು, ಮದ್ದಿನ ಅಳತೆ ವೈದ್ಯನ ಮಾತ್ರೆಯಾಯಿತು. ಎಣಿಸದೆ ಹೋದರೆ ಎರಡೂ ಕೆಟ್ಟವು. ಇಷ್ಟು ಬಲ್ಲ ನನ್ನ ಮನೆಯಲ್ಲಿಯೇ, ಯಾರ ಎಣಿಕೆಗೂ ಸಿಕ್ಕದ ಮಾತ್ರೆಯೊಂದು ಎಷ್ಟೋ ವರ್ಷ ಓಡಾಡಿಕೊಂಡಿತ್ತು.

ನಮ್ಮ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಲೆಕ್ಕದ ಮನುಷ್ಯರು. ಹಾಲು, ಪತ್ರಿಕೆ, ಇಸ್ತ್ರಿಯವನ ಬಾಕಿ, ಗ್ಯಾಸು ಬಂದ ದಿನ, ಎಲ್ಲವೂ ಉದ್ದನೆಯ ಪುಸ್ತಕದಲ್ಲಿ ಬರೆದಿರಬೇಕು. 2015ನೆಯ ಇಸವಿಯ ಮಳೆಗಾಲದಲ್ಲಿ ಅವರಿಗೆ ಮೂತ್ರದ ಸೋಂಕು ತಗುಲಿ ಜ್ವರ ಏರಿತು. ಬಡಾವಣೆಯ ವೈದ್ಯರು ಸಿಪ್ರೊಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕನ್ನೂ, ಜ್ವರಕ್ಕೆ ಪ್ಯಾರಾಸಿಟಮಾಲನ್ನೂ ಬರೆದರು. ಬರೆಯುವ ಮುನ್ನ, “ಬೇರೆ ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ, ಯಜಮಾನರೆ?” ಎಂದು ಕೇಳಿದರು. “ಏನೂ ಇಲ್ಲ ಡಾಕ್ಟ್ರೆ” ಎಂದರು ತಂದೆಯವರು. ನಾನು ಪಕ್ಕದಲ್ಲಿಯೇ ನಿಂತಿದ್ದೆ. ನನಗೂ ಅದು ನಿಜವೆಂದೇ ತೋರಿತು.

ಮೂರನೆಯ ರಾತ್ರಿ ಅವರಿಗೆ ನಿದ್ರೆ ಹತ್ತಲಿಲ್ಲ. ಕೈ ನಡುಗಲು ಶುರುವಾಯಿತು. ನಡುರಾತ್ರಿಯಲ್ಲಿ ಎದ್ದು ಕುಳಿತು, ಎಂದೋ ಮುಗಿದ ಜಮಾಬಂದಿಯ ಕಡತ ಎಲ್ಲಿ ಎಂದು ನನ್ನನ್ನು ಗದರಿಸಿದರು. ನನ್ನನ್ನು ಅವರು ಗುರುತು ಹಿಡಿದಿರಲಿಲ್ಲ. ಬೆಳಗಾಗುವುದರೊಳಗೆ ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡದ ಕೆಲಸ ಕುಗ್ಗಿರುವುದು ಕಂಡಿತು. ಅಲ್ಲಿದ್ದ ಎಳೆ ವಯಸ್ಸಿನ ವೈದ್ಯೆ ಮತ್ತೆ ಅದೇ ಪ್ರಶ್ನೆ ಕೇಳಿದರು. ಔಷಧಿ ಏನೂ ಇಲ್ಲವೆಂದು ನಾನೇ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, “ಔಷಧಿ ಬೇಡ, ನೋವಿಗೆ ಏನು ನುಂಗುತ್ತಾರೆ, ಅದನ್ನು ಹೇಳಿ” ಎಂದರು. ಆಗ ನಮ್ಮ ತಾಯಿ ಮನೆಗೆ ಹೋಗಿ ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ತಂದರು. ಒಳಗೆ ಮಂಡಿನೋವಿನ ಮಾತ್ರೆಯ ಪಟ್ಟಿಗಳು, ಅರ್ಧ ಖಾಲಿಯಾದವು, ಪೂರ್ತಿ ಖಾಲಿಯಾದವು. ದಿನಕ್ಕೆ ಎರಡು, ಮಳೆ ಬಂದರೆ ಮೂರು. ಒಂದೊಂದರಲ್ಲಿಯೂ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಎರಡೂ ಬೆರೆತಿದ್ದವು. ಹಾಲಿನ ಲೆಕ್ಕ ಬರೆದ ಪುಸ್ತಕದಲ್ಲಿ ಇದರ ಲೆಕ್ಕ ಒಂದು ಸಾಲೂ ಇರಲಿಲ್ಲ.

ತಂದೆಯವರು ಗುಣವಾದರು, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ರಾತ್ರಿಯ ಭ್ರಮೆಗೆ ಜ್ವರ ಕಾರಣವೋ, ವಯಸ್ಸು ಕಾರಣವೋ, ಎರಡು ಮಾತ್ರೆಗಳ ಕೂಡುವಿಕೆ ಕಾರಣವೋ, ಆಣೆ ಮಾಡಿ ಹೇಳಲಾಗದು ಎಂದರು ವೈದ್ಯೆ. ಆದರೆ ಈ ಜಾತಿಯ ಆಂಟಿಬಯಾಟಿಕಿಗೂ ಕೆಲವು ನೋವಿನ ಮಾತ್ರೆಗಳಿಗೂ ಹಳೆಯದೊಂದು ಜಗಳವಿದೆ, ಜಪಾನಿನಲ್ಲಿ ಮೊದಲು ಕಂಡದ್ದು, ಎಂದು ಮಾತು ಸೇರಿಸಿದರು. ಆ ಒಂದು ಮಾತು ನನ್ನನ್ನು ಗ್ರಂಥಾಲಯಕ್ಕೆ ಕಳುಹಿಸಿತು. ನಾನು ವೈದ್ಯನಲ್ಲ. ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಓದಿದ್ದನ್ನು ಕಥೆಯಾಗಿ ಹೇಳಬಲ್ಲೆ, ಅಷ್ಟೆ.

ನಮ್ಮ ಅಜ್ಜಿಯ ಕಾಲದಲ್ಲಿ ಮದ್ದಿಗೆ ಪಥ್ಯವಿತ್ತು, ಅನುಪಾನವಿತ್ತು. ಈ ಚೂರ್ಣಕ್ಕೆ ಜೇನು, ಆ ಕಷಾಯಕ್ಕೆ ಹಾಲು ಕೂಡದು, ಇದು ತಿನ್ನುವಾಗ ಅದು ಬಿಡು. ಯಾವುದರ ಜೊತೆ ಯಾವುದು ಎಂಬುದು ಚಿಕಿತ್ಸೆಯ ಅರ್ಧ ಭಾಗ. ಇಂಗ್ಲಿಷ್ ಔಷಧಿ ಬಂದಾಗ ಜನಕ್ಕೆ ಬಹಳ ಹಿಡಿಸಿದ್ದು, ಅದಕ್ಕೆ ಪಥ್ಯವಿಲ್ಲ ಎಂಬುದು. ಪಥ್ಯವಿಲ್ಲ ಎಂದು ಹೇಳಿದವರು ಯಾರು ಎಂದು ಯಾರೂ ಕೇಳಲಿಲ್ಲ.

ನೋವಿನ ಮಾತ್ರೆಯ ವಂಶಾವಳಿ ಗೌರವಸ್ಥವಾಗಿಯೇ ಆರಂಭವಾಗುತ್ತದೆ. ಇಂಗ್ಲೆಂಡಿನ ಚಿಪ್ಪಿಂಗ್ ನಾರ್ಟನ್ ಎಂಬ ಊರಿನ ಪಾದ್ರಿ ಎಡ್ವರ್ಡ್ ಸ್ಟೋನ್, ವಿಲೋ ಮರದ ತೊಗಟೆಯನ್ನು ಒಣಗಿಸಿ ಪುಡಿಮಾಡಿ ಸುಮಾರು 50 ಜನ ಚಳಿಜ್ವರದವರಿಗೆ ಕೊಟ್ಟು, ಗುಣ ಕಂಡು, 1763ರಲ್ಲಿ ರಾಯಲ್ ಸೊಸೈಟಿಗೆ ಪತ್ರ ಬರೆದ. ಆ ತೊಗಟೆಯ ಸಾರದ ದಾರಿ ಹಿಡಿದು ಜರ್ಮನಿಯ ಬೇಯರ್ ಕಾರ್ಖಾನೆಯ ರಸಾಯನಜ್ಞರು 1897ರಲ್ಲಿ ಮಾಡಿದ್ದೇ 1899ರಲ್ಲಿ ಆಸ್ಪಿರಿನ್ ಎಂಬ ಹೆಸರು ಪಡೆಯಿತು. ಇನ್ನೊಂದು ಕವಲು ಹುಟ್ಟಿದ್ದು ಮಾತ್ರ ತಪ್ಪಿನಿಂದ. 1886ರಲ್ಲಿ ಸ್ಟ್ರಾಸ್‌ಬರ್ಗಿನ ಕಾನ್ ಮತ್ತು ಹೆಪ್ ಎಂಬ ವೈದ್ಯರು, ರೋಗಿಯ ಹೊಟ್ಟೆಹುಳುವಿಗೆಂದು ನ್ಯಾಫ್ತಲೀನ್ ಕೊಡಲು ಹೋಗಿ, ಸೀಸೆ ತಪ್ಪಿ ಅಸೆಟಾನಿಲೈಡ್ ಎಂಬ ಬೇರೆಯ ಪುಡಿಯನ್ನು ಕೊಟ್ಟರು. ಹುಳುವಿಗೆ ಏನೂ ಆಗಲಿಲ್ಲ, ಜ್ವರ ಇಳಿದುಹೋಯಿತು. ಅದರ ತೊಂದರೆಯೆಂದರೆ ಕೆಲವರ ತುಟಿ, ಉಗುರು ನೀಲಿಗಟ್ಟುತ್ತಿದ್ದವು. ಅದಕ್ಕೆ ಬದಲಾಗಿ ಅದರ ಸೋದರ ಫೆನಾಸಿಟಿನ್ ಬಂತು. ಆಸ್ಪಿರಿನ್, ಫೆನಾಸಿಟಿನ್, ಕೆಫೀನ್ ಮೂರನ್ನೂ ಕೂಡಿಸಿದ ಎ.ಪಿ.ಸಿ. ಮಾತ್ರೆಯನ್ನು ಸರ್ಕಾರಿ ಆಸ್ಪತ್ರೆಗಳ ಕಿಟಕಿಯಲ್ಲಿ ಕೈಯೊಡ್ಡಿ ಪಡೆದ ಹಿರಿಯರು ಈಗಲೂ ಇದ್ದಾರೆ. ತಲೆನೋವಿಗೂ ಎ.ಪಿ.ಸಿ., ಮೈಕೈ ನೋವಿಗೂ ಎ.ಪಿ.ಸಿ., ಕಾಯಿಲೆ ಏನೆಂದು ತಿಳಿಯದಿದ್ದರೂ ಎ.ಪಿ.ಸಿ.

ಈ ಫೆನಾಸಿಟಿನ್ನಿನ ಕಥೆ ತಿಳಿಯಬೇಕಾದರೆ ಸ್ವೀಡನ್ನಿನ ಹುಸ್ಕ್‌ವಾರ್ನಾ ಎಂಬ ಊರಿಗೆ ಹೋಗಬೇಕು. ಬಂದೂಕಿನ ಕಾರ್ಖಾನೆಯ ಊರು. 1918ರ ಮಹಾ ಇನ್‌ಫ್ಲುಯೆಂಜಾ ಬಂದಾಗ ಅಲ್ಲಿನ ವೈದ್ಯ ಯೋರ್ಟನ್, ಫೆನಾಸಿಟಿನ್, ಫೆನಾಜೋನ್, ಕೆಫೀನ್ ಬೆರೆಸಿದ ಪುಡಿಯೊಂದನ್ನು ಬರೆದುಕೊಟ್ಟ. ಜ್ವರ ಹೋಯಿತು, ಪುಡಿ ಉಳಿಯಿತು. ಪುಡಿ ತಿಂದರೆ ಕೆಲಸ ಚುರುಕಾಗುತ್ತದೆ ಎಂಬ ನಂಬಿಕೆ ಕಾರ್ಮಿಕರಲ್ಲಿ ಬೇರೂರಿತು. ನಮ್ಮಲ್ಲಿ ನಾಲ್ಕು ಗಂಟೆಗೆ ಕಾಫಿ ಕುಡಿದಂತೆ ಅಲ್ಲಿ ಪುಡಿ. ದಶಕಗಳು ಕಳೆದ ಮೇಲೆ ಅಲ್ಲಿನ ಜನ ಮೂತ್ರಪಿಂಡ ಕೆಟ್ಟು ಸಾಯುತ್ತಿರುವುದು ಕಣ್ಣಿಗೆ ಬಿತ್ತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಷ್ಪ್ಯೂಲರ್ ಮತ್ತು ಜೋಲಿಂಗರ್ ಈ ಬಗೆಯ ಮೂತ್ರಪಿಂಡದ ಕಾಯಿಲೆಯನ್ನು ನೋವಿನ ಮಾತ್ರೆಗಳ ಜೊತೆ ಸೇರಿಸಿ ಬರೆದರು. 1963ರಲ್ಲಿ ಗ್ರಿಮ್‌ಲುಂಡ್ ಎಂಬ ವೈದ್ಯ ಆ ಸ್ವೀಡಿಷ್ ಕಾರ್ಖಾನೆಯ ಲೆಕ್ಕವನ್ನೇ ತೆಗೆದು ಪ್ರಕಟಿಸಿದ. ನಮ್ಮ ದೇಶದಲ್ಲಿ ಫೆನಾಸಿಟಿನ್ ನಿಷೇಧವಾದದ್ದು 1983ರಲ್ಲಿ. ಹುಸ್ಕ್‌ವಾರ್ನಾದವರು ಕೆಟ್ಟ ಜನರಲ್ಲ, ಮೂಢರೂ ಅಲ್ಲ. ಅವರ ಮನಸ್ಸಿನಲ್ಲಿ ಅದು ಔಷಧಿಯ ಪಟ್ಟಿಯಿಂದ ಜಾರಿ ಕಾಫಿಯ ಪಟ್ಟಿಗೆ ಬಿದ್ದಿತ್ತು. ನಮ್ಮ ತಂದೆಯವರ ಡಬ್ಬಿಯೂ ಬಿಸ್ಕತ್ತಿನದೇ ಆಗಿತ್ತೆಂಬುದನ್ನು ನೆನೆದಾಗ ನನಗೆ ಈಗಲೂ ಒಂದು ಬಗೆಯ ಕಸಿವಿಸಿಯಾಗುತ್ತದೆ.

ಇತ್ತ ಆಂಟಿಬಯಾಟಿಕ್ ಬಂದದ್ದು ಬೇರೆಯದೇ ಗತ್ತಿನಿಂದ. ಫ್ಲೆಮಿಂಗ್ 1928ರಲ್ಲಿ ಬೂಷ್ಟಿನಲ್ಲಿ ಕಂಡ ಪೆನಿಸಿಲಿನ್ನನ್ನು ಆಕ್ಸ್‌ಫರ್ಡಿನ ಫ್ಲೋರಿ, ಚೇನ್, ಹೀಟ್ಲಿ ಮೊದಲಾದವರು ಔಷಧವಾಗಿ ಮಾಡಿದರು. 1941ರ ಫೆಬ್ರವರಿ 12ರಂದು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸಿನವನಿಗೆ ಅದನ್ನು ಕೊಟ್ಟರು. ಸೋಂಕು ಮುಖವನ್ನೆಲ್ಲ ತಿಂದು ಒಂದು ಕಣ್ಣನ್ನೂ ತೆಗೆದುಕೊಂಡಿತ್ತು. ಒಂದೇ ದಿನದಲ್ಲಿ ಮನುಷ್ಯ ಚೇತರಿಸಿಕೊಳ್ಳತೊಡಗಿದ. ಆದರೆ ಪೆನಿಸಿಲಿನ್ ದೇಹದಲ್ಲಿ ನಿಲ್ಲುವ ಸ್ವಭಾವದ್ದಲ್ಲ. ಕೊಟ್ಟದ್ದನ್ನು ಮೂತ್ರಪಿಂಡ ಒಂದೆರಡು ಗಂಟೆಯಲ್ಲಿ ಹೊರಹಾಕಿಬಿಡುತ್ತದೆ. ಜಗತ್ತಿನಲ್ಲಿ ಇದ್ದದ್ದೇ ಅಷ್ಟು. ಆದ್ದರಿಂದ ರೋಗಿಯ ಮೂತ್ರವನ್ನು ಸಂಗ್ರಹಿಸಿ, ಸೈಕಲ್ಲಿನಲ್ಲಿ ಪ್ರಯೋಗಶಾಲೆಗೆ ಒಯ್ದು, ಅದರಿಂದ ಪೆನಿಸಿಲಿನ್ ಬೇರ್ಪಡಿಸಿ ಮತ್ತೆ ಅವನಿಗೇ ಚುಚ್ಚುತ್ತಿದ್ದರು. ಐದು ದಿನದಲ್ಲಿ ದಾಸ್ತಾನು ಮುಗಿಯಿತು. ಸೋಂಕು ಮರಳಿತು. ಮಾರ್ಚ್ 15ರಂದು ಅವನು ತೀರಿಕೊಂಡ.

ಮೂತ್ರಪಿಂಡದ ಆ ಬಾಗಿಲನ್ನು ತುಸು ಮುಚ್ಚುವಂತಿದ್ದರೆ? ಈ ಯೋಚನೆಯಿಂದ ಅಮೆರಿಕದಲ್ಲಿ ಕಾರ್ಲ್ ಬೇಯರ್ ಮತ್ತು ಸಂಗಡಿಗರು ಪ್ರೊಬೆನೆಸಿಡ್ ಎಂಬ ಔಷಧವನ್ನು 1950ರ ಆಸುಪಾಸಿನಲ್ಲಿ ಸಿದ್ಧಮಾಡಿದರು. ಪೆನಿಸಿಲಿನ್ ಹೊರಗೆ ಹೋಗುವ ಕಿರುದಾರಿಯಲ್ಲಿ ಇದು ತಾನೇ ನಿಂತುಕೊಳ್ಳುತ್ತದೆ. ಪೆನಿಸಿಲಿನ್ ಒಳಗೆ ಹೆಚ್ಚು ಹೊತ್ತು ಉಳಿಯುತ್ತದೆ. ಸ್ವಾರಸ್ಯವೆಂದರೆ, ಮುಂದೆ ಅಳೆದು ನೋಡಿದಾಗ ಆಸ್ಪಿರಿನ್ನೂ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಮಾಡುವುದು ಕಂಡಿತು. ತಲೆನೋವಿಗೆಂದು ನುಂಗಿದ ಮಾತ್ರೆ ತನ್ನ ಪಾಡಿಗೆ ತಾನು ತಲೆಗೆ ಹೋಗಿ ಕೂರುವುದಿಲ್ಲ, ಆಂಟಿಬಯಾಟಿಕ್ ಹೊರಡುವ ಬಾಗಿಲಲ್ಲಿಯೂ ನೂಕುನುಗ್ಗಲು ಮಾಡುತ್ತದೆ. ಪೆನಿಸಿಲಿನ್ ಸಾಧು ಪ್ರಾಣಿ. ಮೂತ್ರಪಿಂಡ ನೆಟ್ಟಗಿರುವವರಿಗೆ ಒಂದಿಷ್ಟು ಹೆಚ್ಚು ಉಳಿದರೆ ಕೇಡಿಲ್ಲ. ಜೆಂಟಾಮೈಸಿನ್‌ನಂಥದು ಉಳಿದರೆ ಕಿವಿಗೂ ಮೂತ್ರಪಿಂಡಕ್ಕೂ ಕೇಡು. ಎರಡಕ್ಕೂ ಒಂದೇ ನ್ಯಾಯ ನಡೆಯದು.

ಹೊರಹೋಗುವ ಬಾಗಿಲ ಕಥೆ ಇದಾದರೆ, ಒಳಬರುವ ಬಾಗಿಲಿನದು ಇನ್ನೊಂದು. 1948ರಲ್ಲಿ ಆರಿಯೊಮೈಸಿನ್ ಬಂತು, ಟೆಟ್ರಾಸೈಕ್ಲಿನ್ ವಂಶದ ಮೊದಲನೆಯದು. ಮಿಸೌರಿಯ ಮಣ್ಣಿನಿಂದ ಅದನ್ನು ತೆಗೆದವನು ಬೆಂಜಮಿನ್ ಡಗ್ಗರ್. ಆ ಲೆಡರ್ಲಿ ಪ್ರಯೋಗಶಾಲೆಯ ಸಂಶೋಧನೆಗೆ ಮುಖ್ಯಸ್ಥರಾಗಿದ್ದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಆ ಮಾತ್ರೆ ಹೊಟ್ಟೆಯನ್ನು ತೊಳಸುತ್ತಿತ್ತಾದ್ದರಿಂದ ವೈದ್ಯರು ಜೊತೆಗೆ ಅಲ್ಯುಮಿನಿಯಮ್ ಬೆರೆತ ಹುಳಿನಾಶಕ ದ್ರವವನ್ನು ಕೊಡುತ್ತಿದ್ದರು. ಹೊಟ್ಟೆ ತಣ್ಣಗಾಯಿತು, ಆದರೆ ಔಷಧ ರಕ್ತಕ್ಕೆ ಸೇರುವುದೇ ಕಡಿಮೆಯಾಯಿತೆಂದು 1950ರಲ್ಲಿ ಅಮೆರಿಕದ ಇಬ್ಬರು ಅಳೆದು ತೋರಿಸಿದರು. ಲೋಹದ ಲವಣಗಳು ಟೆಟ್ರಾಸೈಕ್ಲಿನ್ನನ್ನು ಅಪ್ಪಿಕೊಂಡು ಕರುಳಿನಲ್ಲಿಯೇ ಕೂತುಬಿಡುತ್ತವೆ. ಹಾಲಿನ ಸುಣ್ಣದ ಅಂಶಕ್ಕೂ ಇದೇ ಗುಣ. ಹೊಟ್ಟೆಗೆ ಉರಿಯಾಗದಂತೆ ಇಂಥ ಲವಣ ಬೆರೆಸಿದ ಆಸ್ಪಿರಿನ್ ಮಾತ್ರೆಗಳೂ ಅದೇ ಕಾಲದಲ್ಲಿ ಬಂದವು. ಅಂಥದನ್ನು ಟೆಟ್ರಾಸೈಕ್ಲಿನ್ನಿನ ಜೊತೆಗೋ ಸಿಪ್ರೊಫ್ಲಾಕ್ಸಸಿನ್ನಿನ ಜೊತೆಗೋ ಒಂದೇ ಗುಟುಕಿನಲ್ಲಿ ನುಂಗಿದರೆ ವಿಷವೇನೂ ಆಗದು. ಆಂಟಿಬಯಾಟಿಕ್ ಮಾತ್ರ ದುಡ್ಡು ಕೊಟ್ಟು ತಂದ ಸುಣ್ಣದ ಉಂಡೆಯಷ್ಟೇ ಕೆಲಸ ಮಾಡೀತು. ‘ಹಾಲಿನ ಜೊತೆ ಕೂಡದು’ ಎಂಬ ಅಜ್ಜಿಯ ಮಾತನ್ನು ನಕ್ಕು ತಳ್ಳಿದ ನಮಗೆ, ಅದೇ ಮಾತನ್ನು ಅಮೆರಿಕದವರು ಹೇಳಿಕೊಡಬೇಕಾಯಿತು.

ಎರಡನ್ನೂ ಬೇರೆ ಬೇರೆ ನುಂಗುವ ತೊಂದರೆಯೇ ಬೇಡವೆಂದು ಒಂದೇ ಮಾತ್ರೆಯಲ್ಲಿ ಅಡಕಿದವರೂ ಇದ್ದರು. 1950ರ ದಶಕದಲ್ಲಿ ಅದೇ ಲೆಡರ್ಲಿಯವರ ಅಕ್ರೋಸಿಡಿನ್ ಎಂಬ ಮಾತ್ರೆಯಲ್ಲಿ ಟೆಟ್ರಾಸೈಕ್ಲಿನ್ ಇತ್ತು, ಫೆನಾಸಿಟಿನ್ ಇತ್ತು, ಆಸ್ಪಿರಿನ್ನಿನ ದಾಯಾದಿಯಾದ ಸ್ಯಾಲಿಸಿಲಮೈಡ್ ಇತ್ತು, ಕೆಫೀನ್ ಇತ್ತು, ಮೂಗು ಕಟ್ಟುವುದಕ್ಕೆ ಇನ್ನೊಂದಿತ್ತು. ನೆಗಡಿಗೆ ಇದು! ನೆಗಡಿಯ ವೈರಸ್ಸಿಗೆ ಟೆಟ್ರಾಸೈಕ್ಲಿನ್ ಏನೂ ಮಾಡದು ಎಂಬುದು ಬಲ್ಲವರಿಗೆ ಆಗಲೂ ಗೊತ್ತಿತ್ತು. ಮ್ಯಾಕ್ಸ್‌ವೆಲ್ ಫಿನ್‌ಲ್ಯಾಂಡ್, ಹ್ಯಾರಿ ಡೌಲಿಂಗ್ ಮೊದಲಾದ ಹಿರಿಯ ವೈದ್ಯರು ಇಂಥ ಬೆರಕೆಗಳ ಮೇಲೆ ಸಿಟ್ಟಾಗಿ ಬರೆದರು. ಬೆರಕೆಯಲ್ಲಿ ಒಂದರ ಅಳತೆಯನ್ನು ಏರಿಸದೆ ಇನ್ನೊಂದರ ಅಳತೆಯನ್ನು ಏರಿಸುವಂತಿಲ್ಲ. ಮೈಮೇಲೆ ಗುಳ್ಳೆ ಎದ್ದರೆ ಯಾವುದರಿಂದ ಎದ್ದಿತೆಂದು ತಿಳಿಯುವಂತಿಲ್ಲ. ಸೆನೆಟರ್ ಕೆಫಾವರ್ ನಡೆಸಿದ ವಿಚಾರಣೆಗಳ ಫಲವಾಗಿ 1962ರಲ್ಲಿ ಅಮೆರಿಕದಲ್ಲಿ ಹೊಸ ಕಾನೂನಾಯಿತು: ಔಷಧ ಗುಣ ಕೊಡುತ್ತದೆಂದು ಮಾರುವವನೇ ಸಿದ್ಧಮಾಡಿ ತೋರಿಸಬೇಕು. ಆ ಜರಡಿಯಲ್ಲಿ ಆಂಟಿಬಯಾಟಿಕ್ ಬೆರಕೆಗಳು ಗುಂಪುಗುಂಪಾಗಿ ಉದುರಿದವು. ನಮ್ಮಲ್ಲಿ ಆ ಜರಡಿ ತಡವಾಗಿ ಅಲ್ಲಾಡಿತು. ಟೆಟ್ರಾಸೈಕ್ಲಿನ್ನಿಗೆ ವಿಟಮಿನ್ ಸಿ ಬೆರೆಸಿ ಮಾರುವುದನ್ನು 1983ರಲ್ಲಿ ನಿಲ್ಲಿಸಿದರು. 2016ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಒಂದೇ ಏಟಿಗೆ 344 ಬೆರಕೆಗಳನ್ನು ನಿಷೇಧಿಸಿತು, ಕಂಪನಿಗಳು ನ್ಯಾಯಾಲಯಕ್ಕೆ ಹೋದವು, ಮತ್ತೆ ಪರಿಶೀಲನೆ ನಡೆದು 2018ರ ಸೆಪ್ಟೆಂಬರಿನಲ್ಲಿ 328ರ ಮೇಲೆ ನಿಷೇಧ ಬಿತ್ತು. ಇದು ಬೇರೆಯೇ ಒಂದು ಪುರಾಣ; ಇರಲಿ.

ಈಗ ಜಪಾನಿಗೆ ಬರೋಣ. ಮಲೇರಿಯಾದ ಕ್ಲೋರೋಕ್ವಿನ್ ತಯಾರಿಸುವಾಗ ಮೂಲೆಗುಂಪಾಗಿ ಉಳಿದ ವಸ್ತುವೊಂದರ ಜಾಡು ಹಿಡಿದು ಅಮೆರಿಕದ ಜಾರ್ಜ್ ಲೆಷರ್ 1962ರಲ್ಲಿ ನಾಲಿಡಿಕ್ಸಿಕ್ ಆಮ್ಲವನ್ನು ಕೊಟ್ಟಿದ್ದ. ಮೂತ್ರದ ಸೋಂಕಿಗಷ್ಟೇ ಆಗುವ ಸಣ್ಣ ಔಷಧ. ಜಪಾನಿನವರು ಅದಕ್ಕೆ ಫ್ಲೋರಿನ್ ಅಣುವೊಂದನ್ನು ತೊಡಿಸಿ ಅದರ ಶಕ್ತಿಯನ್ನು ಎಷ್ಟೋ ಪಾಲು ಹೆಚ್ಚಿಸಿದರು. ನಾರ್‌ಫ್ಲಾಕ್ಸಸಿನ್, ಎನಾಕ್ಸಸಿನ್, ಆಮೇಲೆ ಜರ್ಮನಿಯಿಂದ ಸಿಪ್ರೊಫ್ಲಾಕ್ಸಸಿನ್, ಹೀಗೆ ಕುಟುಂಬ ಬೆಳೆಯಿತು. ಒಳ್ಳೆಯ ಔಷಧಿಗಳೆಂದು ಎಲ್ಲರೂ ಹೊಗಳಿದರು. ಅಷ್ಟರಲ್ಲಿ, 1986ರಲ್ಲಿ, ಜಪಾನಿನ ಆರೋಗ್ಯ ಖಾತೆಯಿಂದ ವೈದ್ಯರಿಗೆ ಎಚ್ಚರಿಕೆ ಹೊರಟಿತು. ಎನಾಕ್ಸಸಿನ್ ತೆಗೆದುಕೊಳ್ಳುತ್ತಿದ್ದ ಕೆಲವು ರೋಗಿಗಳಿಗೆ ಇದ್ದಕ್ಕಿದ್ದಂತೆ ಸೆಳವು ಬಂದಿತ್ತು. ಅವರೆಲ್ಲರೂ ಜೊತೆಗೆ ಫೆನ್‌ಬುಫೆನ್ ಎಂಬ ನೋವಿನ ಮಾತ್ರೆಯನ್ನೂ ನುಂಗುತ್ತಿದ್ದರು. ಒಂದೊಂದನ್ನೇ ತೆಗೆದುಕೊಂಡಾಗ ತಣ್ಣಗಿದ್ದವು, ಕೂಡಿದಾಗ ಹೀಗೆ ಮಾಡಿದವು.

ಕಾರಣವನ್ನು ಪ್ರಯೋಗಶಾಲೆಗಳು ಹುಡುಕಿದವು. ನಮ್ಮ ಮಿದುಳಿನಲ್ಲಿ ಉದ್ರೇಕವನ್ನು ತಡೆದು ಹಿಡಿಯುವ ಕಡಿವಾಣವೊಂದಿದೆ. ಗಾಬಾ ಎಂಬ ರಸ ಆ ಕಡಿವಾಣವನ್ನು ಹಿಡಿದ ಕೈ. ಈ ಆಂಟಿಬಯಾಟಿಕ್ ಕುಟುಂಬಕ್ಕೆ ಆ ಕೈಯನ್ನು ಸ್ವಲ್ಪ ಸಡಿಲಿಸುವ ಗುಣವಿದೆ, ಬಹಳ ಸ್ವಲ್ಪ, ಗಮನಕ್ಕೆ ಬಾರದಷ್ಟು. ಫೆನ್‌ಬುಫೆನ್ ದೇಹದಲ್ಲಿ ಒಡೆದು ಆಗುವ ವಸ್ತು ಜೊತೆಗೆ ನಿಂತರೆ ಆ ಸಡಿಲಿಕೆ ಹಲವು ಪಾಲು ಹೆಚ್ಚುತ್ತದೆ. ನೋವಿನ ಮಾತ್ರೆಗಳೆಲ್ಲವೂ ಹೀಗಲ್ಲ; ಫೆನ್‌ಬುಫೆನ್ ಬಹಳ ಕೆಟ್ಟದ್ದು, ಉಳಿದವು ಅದಕ್ಕಿಂತ ಬಹಳ ಮೃದು. ಐಬುಪ್ರೊಫೆನ್ ಆ ಬಳಗಕ್ಕೆ ಸೇರಿದ್ದಾದರೂ, ಸಿಪ್ರೊಫ್ಲಾಕ್ಸಸಿನ್ನಿನ ಜೊತೆ ಅದನ್ನು ನುಂಗಿದ ಬಹು ಮಂದಿಗೆ ಏನೂ ಆಗುವುದಿಲ್ಲ. ವಯಸ್ಸಾದವರು, ಮೂತ್ರಪಿಂಡ ಸೋತವರು, ಹಿಂದೆ ಸೆಳವು ಬಂದವರು, ಇವರ ವಿಷಯದಲ್ಲಿ ಮಾತ್ರ ವೈದ್ಯರು ಹುಬ್ಬೇರಿಸುತ್ತಾರೆ. ಸಿಪ್ರೊಫ್ಲಾಕ್ಸಸಿನ್ ಪೊಟ್ಟಣದೊಳಗಿನ ಕಾಗದದಲ್ಲಿ, ಬರಿಗಣ್ಣಿಗೆ ಕಾಣದ ಅಕ್ಷರದಲ್ಲಿ, ಈ ಎಚ್ಚರಿಕೆ ಇರುತ್ತದೆ. ಆಸ್ಪಿರಿನ್ನಿಗೆ ಮಾತ್ರ ಇದು ಅನ್ವಯಿಸದು ಎಂಬ ವಿನಾಯಿತಿಯೂ ಇರುತ್ತದೆ. ಭೂತಗನ್ನಡಿ ಹಿಡಿದು ಓದಿದೆ. ನಮ್ಮ ತಂದೆಯವರಿಗೆ ಆಗ ಎಪ್ಪತ್ತಮೂರು.

ಅವರ ಮೂತ್ರಪಿಂಡದ ಕಥೆಗೆ ಬೇರೊಂದು ಕಾರಣವೂ ಇದ್ದೀತು. ಆಸ್ಪಿರಿನ್ ನೋವನ್ನು ಹೇಗೆ ಕಡಿಮೆ ಮಾಡುತ್ತದೆಂಬುದು 1971ರವರೆಗೆ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲವೆಂದರೆ ಆಶ್ಚರ್ಯವಾಗುತ್ತದೆ. ಆ ವರ್ಷ ಲಂಡನ್ನಿನ ಜಾನ್ ವೇನ್, ಅದು ಪ್ರೊಸ್ಟಾಗ್ಲಾಂಡಿನ್ ಎಂಬ ರಸದ ಉತ್ಪತ್ತಿಯನ್ನು ತಡೆಯುತ್ತದೆಂದು ತೋರಿಸಿದ. 1982ರಲ್ಲಿ ನೊಬೆಲ್ ಬಹುಮಾನವೂ ಬಂತು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಎಲ್ಲವೂ ಇದೇ ದಾರಿಯವು. ಆದರೆ ಆ ರಸ ನೋವನ್ನು ಮಾತ್ರ ತರುವುದಲ್ಲ, ಜಠರದ ಒಳಪದರವನ್ನು ಕಾಯುತ್ತದೆ, ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡದ ರಕ್ತನಾಳವನ್ನು ತೆರೆದು ಹಿಡಿಯುತ್ತದೆ. ಜ್ವರ ಬಂದು, ಊಟ ನೀರು ಬಿಟ್ಟು, ಬೆವರಿ ಮಲಗಿದ ಮುದುಕರಿಗೆ ಆ ಕೈ ಬೇಕು. ನಾವು ಮಾತ್ರೆ ಕೊಟ್ಟು ಅದನ್ನೂ ಕಟ್ಟಿಬಿಡುತ್ತೇವೆ. ಸೋಂಕಿನ ದಿನಗಳಲ್ಲಿಯೇ ಆಂಟಿಬಯಾಟಿಕ್ ಬರುವುದು, ಆ ದಿನಗಳಲ್ಲಿಯೇ ನೋವಿನ ಮಾತ್ರೆ ಹೆಚ್ಚು ಬೇಕಾಗುವುದು.

ಹಾಗಾದರೆ ಸಾಧುವಾದದ್ದು ಯಾವುದು? ಇಲ್ಲಿ ಪ್ಯಾರಾಸಿಟಮಾಲಿನ ಹೆಸರು ಬರುತ್ತದೆ. 1893ರಲ್ಲಿಯೇ ಅದನ್ನು ಜರ್ಮನಿಯಲ್ಲಿ ರೋಗಿಗಳಿಗೆ ಕೊಟ್ಟು ನೋಡಿ, ಫೆನಾಸಿಟಿನ್ನೇ ಮೇಲೆಂದು ಮೂಲೆಗೆ ತಳ್ಳಿದ್ದರು. 1948ರಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಎಂಬ ಅಮೆರಿಕನ್ನರು, ಅಸೆಟಾನಿಲೈಡ್ ದೇಹದೊಳಗೆ ಪ್ಯಾರಾಸಿಟಮಾಲ್ ಆಗಿಯೇ ಕೆಲಸ ಮಾಡುತ್ತದೆಂದು ಕಂಡುಹಿಡಿದರು. ಫೆನಾಸಿಟಿನ್ನಿನದೂ ಅದೇ ಕಥೆಯೆಂದು ಬೇಗನೆ ತಿಳಿಯಿತು. ತಳ್ಳಿಬಿಟ್ಟ ಹುಡುಗನೇ ಮನೆಯ ಕೆಲಸವನ್ನೆಲ್ಲ ಮಾಡುತ್ತಿದ್ದ ಎಂಬಂತಾಯಿತು. 1955ರಲ್ಲಿ ಅಮೆರಿಕದಲ್ಲಿ, 1956ರಲ್ಲಿ ಬ್ರಿಟನ್ನಿನಲ್ಲಿ ಅದು ಅಂಗಡಿಗೆ ಬಂತು. ಬಹುಪಾಲು ಆಂಟಿಬಯಾಟಿಕ್‌ಗಳ ಜೊತೆ ಇದು ಜಗಳವಾಡದೆ ಇರುತ್ತದೆ. ಅಮಾಕ್ಸಿಸಿಲಿನ್ನಿನ ಜೊತೆಗೋ ಅಜಿತ್ರೋಮೈಸಿನ್ನಿನ ಜೊತೆಗೋ ವೈದ್ಯರು ಇದನ್ನೇ ಬರೆಯುವುದು ಸುಮ್ಮನೆ ಅಲ್ಲ. ಆದರೆ ಇದರ ಶತ್ರು ಇದರ ಅಳತೆಯೇ. ಅಳತೆ ಮೀರಿದರೆ ಯಕೃತ್ತು ಸುಟ್ಟುಹೋಗುತ್ತದೆಂದು 1966ರಲ್ಲಿ ಬ್ರಿಟನ್ನಿನ ವೈದ್ಯರು ಬರೆದರು. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಎಲ್ಲೆ. 500ರ ಮಾತ್ರೆ ಎಂಟಕ್ಕೆ, 650ರದು ಆರಕ್ಕೆ ಎಲ್ಲೆ ಮುಟ್ಟಿತು. ಬಡಕಲು ದೇಹದವರಿಗೆ, ಕುಡಿಯುವವರಿಗೆ, ಯಕೃತ್ತು ಕೆಟ್ಟವರಿಗೆ ಅದಕ್ಕೂ ಕಡಿಮೆ. ನೆಗಡಿಯ ಮಾತ್ರೆಯಲ್ಲಿ ಅದೇ ಇರುತ್ತದೆ, ಮಂಡಿಯ ಮಾತ್ರೆಯಲ್ಲಿ ಅದೇ, ಜ್ವರದ ಮಾತ್ರೆಯಲ್ಲಿ ಅದೇ. ಮೂರು ಹೆಸರಿನಲ್ಲಿ ಒಬ್ಬನೇ ಬಂದು ಮೂರು ಸಲ ಊಟಕ್ಕೆ ಕೂತಂತೆ.

ಅದಕ್ಕೂ ವಿರೋಧಿಗಳಿಲ್ಲದಿಲ್ಲ. ಕ್ಷಯಕ್ಕೆ ಐಸೋನಿಯಾಜಿಡ್ ನುಂಗುವವರ ಯಕೃತ್ತು ಆಗಲೇ ಭಾರ ಹೊತ್ತಿರುತ್ತದೆ; ಅವರು ಪ್ಯಾರಾಸಿಟಮಾಲನ್ನು ಕೇಳಿಯೇ ತೆಗೆದುಕೊಳ್ಳಬೇಕು. ಫ್ಲೂಕ್ಲಾಕ್ಸಸಿಲಿನ್ ಎಂಬ ಪೆನಿಸಿಲಿನ್ ಬಂಧುವಿನ ಜೊತೆ ಬಹು ದಿನ ಸೇರಿದರೆ, ವಯಸ್ಸಾಗಿ, ಊಟ ಸೋತು, ಮೂತ್ರಪಿಂಡ ಬಲಗುಂದಿದವರ ರಕ್ತದಲ್ಲಿ ಒಂದು ಬಗೆಯ ಹುಳಿ ಶೇಖರವಾಗುವುದುಂಟು. ಅಪರೂಪ, ಆದರೆ ಉಂಟು.

ಇದೆಲ್ಲ ಓದಿ ಹೆದರಿದ ನನಗೆ ಆ ವೈದ್ಯೆ ನಗುತ್ತ ಹೇಳಿದ್ದು, ಹೆದರಿಕೆಗೆ ಕಾರಣವಿಲ್ಲ, ಲಕ್ಷಾಂತರ ಜನ ದಿನವೂ ಎರಡನ್ನೂ ಕೂಡಿಸಿ ನುಂಗುತ್ತಾರೆ, ಏನೂ ಆಗುವುದಿಲ್ಲ. ಕಷ್ಟವಾಗುವುದು ಹೇಳದೆ ನುಂಗಿದಾಗ. ಏಕೆ ಹೇಳುವುದಿಲ್ಲ? ಇಲ್ಲಿ ಭಾಷೆಯ ಮೇಷ್ಟ್ರಾದ ನನಗೆ ಒಂದು ಮಾತು ಹೇಳುವುದಿದೆ. ನಮ್ಮ ಮನೆಗಳ ಕನ್ನಡದಲ್ಲಿ ‘ಔಷಧಿ’ ಎಂದರೆ ವೈದ್ಯರು ಚೀಟಿಯಲ್ಲಿ ಬರೆದದ್ದು. ಅಂಗಡಿಯಲ್ಲಿ ಕೇಳಿ ತಂದದ್ದು ‘ತಲೆನೋವಿನ ಮಾತ್ರೆ’, ‘ಮೈಕೈ ನೋವಿನ ಮಾತ್ರೆ’. ಆದ್ದರಿಂದ “ಔಷಧಿ ತೆಗೆದುಕೊಳ್ಳುತ್ತೀರಾ?” ಎಂದರೆ “ಇಲ್ಲ” ಎಂಬ ಉತ್ತರ ಸುಳ್ಳಲ್ಲ. ಪ್ರಶ್ನೆ ಒಂದು ಭಾಷೆಯದು, ಉತ್ತರ ಇನ್ನೊಂದರದು. ಕಾನೂನೂ ಈ ಭೇದಕ್ಕೆ ಸಾಕ್ಷಿ ನಿಲ್ಲುತ್ತದೆ. ನಮ್ಮ ದೇಶದ 1945ರ ಔಷಧ ನಿಯಮಗಳಲ್ಲಿ ಆಸ್ಪಿರಿನ್ ಮತ್ತು ಪ್ಯಾರಾಸಿಟಮಾಲ್ ‘ಮನೆಮದ್ದು’ಗಳ ಸಾಲಿಗೆ ಸೇರಿ, ಸಣ್ಣ ಹಳ್ಳಿಗಳ ಅಂಗಡಿಯಲ್ಲಿ ಸಿಗುವಂತೆ ವಿನಾಯಿತಿ ಪಡೆದವು, ಆಂಟಿಬಯಾಟಿಕ್‌ಗಳು ಚೀಟಿಯಿಲ್ಲದೆ ಮಾರಬಾರದ ಸಾಲಿಗೆ ಸೇರಿದವು. 2016ರಿಂದ ಅವುಗಳ ಪಟ್ಟಿಯ ಮೇಲೆ ಕೆಂಪು ಗೀಟು ಕಂಡರೆ ಎಚ್ಚರ ಎಂದು ಸರ್ಕಾರ ಸಾರುತ್ತ ಬಂದಿದೆ. 2020 ಮತ್ತು 2021ರ ಕೋವಿಡ್ ದಿನಗಳಲ್ಲಿ ಆ ಗೀಟನ್ನು ಯಾರು ನೋಡಿದರು? ಅಜಿತ್ರೋಮೈಸಿನ್ ಒಂದು, 650ರ ಪ್ಯಾರಾಸಿಟಮಾಲ್ ಒಂದು, ಬಾಗಿಲ ತೋರಣದ ಹಾಗೆ ಮನೆಮನೆಯಲ್ಲಿ ಜೋಡಿಯಾಗಿ ನೇತಾಡಿದವು. ಜೋಡಿಯಲ್ಲಿ ಜಗಳವಿರಲಿಲ್ಲ ನಿಜ. ಆದರೆ ಅಜಿತ್ರೋಮೈಸಿನ್ನಿನಿಂದ ಕೋವಿಡ್ಡಿಗೆ ಪ್ರಯೋಜನವಿಲ್ಲವೆಂದು 2021ರಲ್ಲಿಯೇ ಬ್ರಿಟನ್ನಿನ ದೊಡ್ಡ ಪ್ರಯೋಗ ತೋರಿಸಿತು.

ತಂದೆಯವರು ನರ್ಸಿಂಗ್ ಹೋಮಿನಿಂದ ಆರನೆಯ ದಿನ ಮನೆಗೆ ಬಂದರು. ಸಿಪ್ರೊಫ್ಲಾಕ್ಸಸಿನ್ ಬದಲಿಸಿದ್ದರು, ಮಂಡಿಯ ಮಾತ್ರೆಯನ್ನು ನಿಲ್ಲಿಸಿದ್ದರು, ಮೂತ್ರಪಿಂಡ ನಿಧಾನವಾಗಿ ತನ್ನ ಕೆಲಸಕ್ಕೆ ಮರಳಿತು. ಡಬ್ಬಿಯನ್ನು ನಮ್ಮ ತಾಯಿ ಅಟ್ಟದ ಮೇಲೆ ಇಟ್ಟರು. ಮಂಡಿ ಮಾತ್ರ ಅಟ್ಟ ಹತ್ತಲಿಲ್ಲ. ಅದು ಇದ್ದಲ್ಲಿಯೇ ನೋಯುತ್ತಿತ್ತು. ಕೊನೆಗೆ ವೈದ್ಯರನ್ನು ಕೇಳಿ, ಬೇಕೇ ಬೇಕಾದ ದಿನ ಪ್ಯಾರಾಸಿಟಮಾಲ್ ಮಾತ್ರ ಎಂದು ಗೊತ್ತುಮಾಡಿಕೊಂಡರು.

ಮುಂದಿನ ತಿಂಗಳು ಹಾಲಿನವನಿಗೆ ಹಣ ಕೊಡಲು ಅವರ ಪುಸ್ತಕ ತೆರೆದೆ. ಎಡಗಡೆಯ ಸಾಲಿನಲ್ಲಿ ದಿನಾಂಕ, ನಡುವೆ ‘ಹಾಲು ಒಂದು ಲೀಟರು’. ಬಲಗಡೆಯ ಅಂಚಿನಲ್ಲಿ ಹಿಂದೆ ಇಲ್ಲದಿದ್ದ ಹೊಸ ಅಂಕಣವೊಂದನ್ನು ಅಡಿಪಟ್ಟಿ ಹಿಡಿದು ಎಳೆದಿದ್ದರು. ಮೇಲೆ ಶೀರ್ಷಿಕೆ: ‘ಮಂಡಿ’. ಕೆಳಗೆ ಕೆಲವು ದಿನಗಳ ಮುಂದೆ ಒಂದು, ಕೆಲವು ದಿನಗಳ ಮುಂದೆ ಎರಡು, ಹೆಚ್ಚಿನ ದಿನಗಳ ಮುಂದೆ ಕಚೇರಿಯ ಹಳೆಯ ರೂಢಿಯಂತೆ ‘ಇಲ್ಲ’. ತಿಂಗಳ ಕೊನೆಯಲ್ಲಿ ಒಟ್ಟು ಹಾಕಿ, ಕೆಳಗೆ ಸಹಿ ಮಾಡಿದ್ದರು.